ವಜ್ರವೂ ವೈರವೂ

ಭಾದ್ರಪದ ಶುದ್ಧ ಚತುರ್ಥಿಯ ರಾತ್ರಿ ಚಂದ್ರನನ್ನು ಕಂಡವರಿಗೆ ಬರುವ ಅಪವಾದದ ಪರಿಹಾರಕ್ಕೆಂದು ನಮ್ಮ ಮನೆಗಳಲ್ಲಿ ಹೇಳತಕ್ಕ ಶಮಂತಕೋಪಾಖ್ಯಾನವನ್ನು ಕೇಳದ ವಾಚಕರು ವಿರಳ. ಸೂರ್ಯನಿಂದ ಸತ್ರಾಜಿತನಿಗೆ ದೊರೆತ ಆ ಮಣಿಯು ದಿನವೊಂದಕ್ಕೆ ಎಂಟು ಭಾರ ಚಿನ್ನವನ್ನು ಕೊಡುತ್ತಿದ್ದಿತು. ಅದನ್ನು ರಾಜನಾದ ಉಗ್ರಸೇನನ ವಶಕ್ಕೆ ಒಪ್ಪಿಸೆಂದು ಶ್ರೀಕೃಷ್ಣನು ಕೇಳಿದನು, ಸತ್ರಾಜಿತನು ಒಲ್ಲೆನೆಂದನು. ಅನಂತರ ನಡೆದುದೆಲ್ಲ ಹೆಣಗಳ ಸಾಲು. ಮಣಿಯನ್ನು ಧರಿಸಿ ಬೇಟೆಗೆ ಹೋದ ಪ್ರಸೇನನನ್ನು ಸಿಂಹವು ಕೊಂದಿತು. ಸಿಂಹವನ್ನು ಜಾಂಬವಂತನು ಕೊಂದನು. ಕಡೆಗೆ ಶತಧನ್ವನು ಮಲಗಿದ್ದ ಸತ್ರಾಜಿತನನ್ನೇ ಕೊಂದನು. ಸ್ವಂತ ಅಣ್ಣನಾದ ಬಲರಾಮನು ಕೂಡ ತಮ್ಮನ ಮೇಲೆ ಸಂಶಯಪಟ್ಟನು. ಇಷ್ಟಾದರೂ ಮಣಿಯು ಮಾಡಿದ ತಪ್ಪೇನು? ಅದು ತನ್ನ ಪಾಡಿಗೆ ಚಿನ್ನವನ್ನು ಕೊಡುತ್ತಲೇ ಇದ್ದಿತು. ತಾನು ಯಾರ ಕೈಯಲ್ಲಿರಬೇಕೆಂಬುದನ್ನು ಮಾತ್ರ ಅದು ಹೇಳಲಿಲ್ಲ.

ಸಂಸ್ಕೃತದ ‘ವಜ್ರ’ ಶಬ್ದವು ಕನ್ನಡದಲ್ಲಿ ‘ಬಜ್ಜರ’ವಾಯಿತು. ಪ್ರಾಕೃತದಲ್ಲಿ ಅದು ‘ವಇರ’ ಎಂದಾಗಿ, ತಮಿಳರ ಬಾಯಲ್ಲಿ ‘ವೈರಂ’ ಎಂದು ಇಂದಿಗೂ ಉಳಿದಿದೆ. ಹಗೆತನಕ್ಕೆ ಹೇಳುವ ‘ವೈರ’ವು ‘ವೀರ’ ಶಬ್ದದಿಂದ ಹುಟ್ಟಿದ್ದು. ಆದ್ದರಿಂದ ಈ ಎರಡಕ್ಕೂ ವ್ಯಾಕರಣದ ನಂಟಿಲ್ಲ, ಕೇವಲ ಧ್ವನಿಸಾಮ್ಯ. ಆದರೆ ಲೋಕವ್ಯವಹಾರದಲ್ಲಿ ಈ ವೈರಕ್ಕೂ ಆ ವೈರಕ್ಕೂ ನಂಟು ಉಂಟೆಂದು ಕಳೆದ ಶತಮಾನದ ಕೊನೆಯಲ್ಲಿ ಪಶ್ಚಿಮ ಆಫ್ರಿಕದ ಒಂದು ಪುಟ್ಟ ರಾಜ್ಯವು ಜಗತ್ತಿಗೆ ತೋರಿಸಿಕೊಟ್ಟಿತು. ಆ ರಾಜ್ಯದ ಹೆಸರು ಸಿಯೆರಾ ಲಿಯೋನ್. ನೆಲದೊಳಗಿನ ಐಶ್ವರ್ಯವು ನೆಲದ ಮೇಲಿನವರ ಬಾಳಿಗೆ ಹೇಗೆ ಬೆಂಕಿಯಿಕ್ಕಬಲ್ಲುದು, ಹಾಗೆ ಆಗಲೇಬೇಕೆಂಬ ನಿಯಮವುಂಟೆ ಎಂಬುದನ್ನು ಈ ಉದಾಹರಣೆಯಿಂದ ವಿಚಾರಿಸೋಣ.

ಈ ದೇಶವು ಅಟ್ಲಾಂಟಿಕ್ ಸಮುದ್ರದ ತೀರದಲ್ಲಿದೆ. ವಿಸ್ತೀರ್ಣದಲ್ಲಿ ನಮ್ಮ ಕರ್ನಾಟಕದ ಮೂರರಲ್ಲೊಂದು ಪಾಲಿಗಿಂತ ತುಸು ಹೆಚ್ಚು. ಸಿಂಹಗಳ ಬೆಟ್ಟವೆಂಬರ್ಥದ ಹೆಸರನ್ನಿಟ್ಟವರು ಪೋರ್ಚುಗೀಸ್ ನಾವಿಕರು. ದಾಸ್ಯದಿಂದ ಬಿಡುಗಡೆ ಹೊಂದಿದವರ ನೆಲೆಯಾಗಿ ಬೆಳೆದ ಫ್ರೀಟೌನ್ ಪಟ್ಟಣವು ೧೮೦೮ರಲ್ಲಿ ಬ್ರಿಟಿಷ್ ಸರ್ಕಾರದ ವಸಾಹತಾಯಿತು. ಒಳನಾಡು ೧೮೯೬ರಲ್ಲಿ ಅವರ ರಕ್ಷಣೆಗೆ ಒಳಪಟ್ಟಿತು. ಅಕ್ಕಿಯೇ ಅಲ್ಲಿಯವರ ಮುಖ್ಯ ಆಹಾರ. ಮಳೆ ಧಾರಾಳ, ಹೊಳೆಗಳು ಹೇರಳ. ಪೂರ್ವಭಾಗದ ಕೋನೋ ಸೀಮೆಯ ಇಂಥದೊಂದು ಹೊಳೆಯ ಮರಳಿನಲ್ಲಿ ೧೯೩೦ರಲ್ಲಿ ಸರ್ಕಾರದ ಭೂಗರ್ಭ ಪರೀಕ್ಷಕರಿಗೆ ಮೊದಲ ವಜ್ರವು ಸಿಕ್ಕಿತು.

ವಜ್ರವು ಸಿಕ್ಕುವ ಬಗೆ ಎರಡು. ಈ ಎರಡು ಬಗೆಗಳ ಭೇದವನ್ನು ತಿಳಿಯದೆ ಮುಂದಿನ ಕಥೆಯು ಅರ್ಥವಾಗದು. ಆದಕಾರಣ ಇಲ್ಲಿ ಸ್ವಲ್ಪ ನಿಲ್ಲುವುದು ಅವಶ್ಯ. ವಜ್ರವು ಭೂಮಿಯ ಮೇಲ್ಮೈಯಿಂದ ನೂರಾರು ಕಿಲೋಮೀಟರು ಆಳದಲ್ಲಿ, ಅಸಾಧ್ಯವಾದ ಒತ್ತಡದಲ್ಲಿ ಹುಟ್ಟುವುದು. ಪ್ರಾಚೀನ ಕಾಲದ ಜ್ವಾಲಾಮುಖಿಗಳು ಅದನ್ನು ಮೇಲಕ್ಕೆ ತಂದು, ಬಾವಿಯಂತೆ ಕೆಳಗಿಳಿದಿರುವ ಒಂದು ಬಗೆಯ ಕಲ್ಲಿನ ಕಂಬದಲ್ಲಿ ಬಿಟ್ಟಿವೆ. ಅಂಥ ಕಂಬವನ್ನು ಅಗೆಯುವುದಕ್ಕೆ ಯಂತ್ರ ಬೇಕು, ಕೋಟಿಗಟ್ಟಲೆ ಬಂಡವಾಳ ಬೇಕು, ವಿದ್ಯುಚ್ಛಕ್ತಿ ಬೇಕು. ನಮ್ಮ ಕೋಲಾರದ ಚಿನ್ನದ ಗಣಿಯ ಬಾಯನ್ನು ಕಂಡವರಿಗೆ ಇದರ ಕಲ್ಪನೆಯಾದೀತು. ಇಂಥ ಗಣಿಯ ಸುತ್ತ ಬೇಲಿ ಹಾಕಬಹುದು, ಬಾಗಿಲಲ್ಲಿ ಕಾವಲಿಡಬಹುದು, ಹೊರಗೆ ಹೋದುದನ್ನು ಲೆಕ್ಕವಿಡಬಹುದು. ಎರಡನೆಯ ಬಗೆಯೇ ಬೇರೆ. ಕೋಟ್ಯಂತರ ವರ್ಷಗಳ ಮಳೆಯು ಆ ಕಲ್ಲಿನ ಕಂಬದ ತಲೆಯನ್ನು ಸವೆಯಿಸಿ, ವಜ್ರಗಳನ್ನು ಹೊಳೆಗಳ ಪಾತ್ರದಲ್ಲಿಯೂ ಅದರ ಅಕ್ಕಪಕ್ಕದ ಗದ್ದೆ ಜೌಗುಗಳಲ್ಲಿಯೂ ಚೆಲ್ಲಿ ಹೋಗಿರುವುದು. ಅಲ್ಲಿ ವಜ್ರವನ್ನು ಆಯಲು ಸಲಿಕೆ, ಬಕೇಟು, ಜರಡಿ ಇಷ್ಟೇ ಸಾಕು. ನಮ್ಮ ಕೃಷ್ಣಾತೀರದ ಕೊಲ್ಲೂರಿನಲ್ಲಿ ಗೋಲ್ಕೊಂಡದ ಸುಲ್ತಾನರ ಕಾಲದಲ್ಲಿ ವಜ್ರಗಳನ್ನು ಆಯ್ದುದೂ ಹೀಗೆಯೇ. ಸಿಯೆರಾ ಲಿಯೋನಿನಲ್ಲಿ ಕಲ್ಲಿನ ಕಂಬಗಳೂ ಇವೆಯಾದರೂ ಅದರ ಹೆಸರು ಪ್ರಸಿದ್ಧವಾದುದು ಈ ಎರಡನೆಯ ಬಗೆಯಿಂದ. ಸಾವಿರಾರು ಚದರ ಮೈಲಿಗಳ ಮೇಲೆ ಚೆದುರಿದ ಸಂಪತ್ತಿಗೆ ಬೇಲಿಯನ್ನು ಯಾರು ಹಾಕಬೇಕು?

ಇಂಗ್ಲಿಷರು ಬೇಲಿಯನ್ನು ಕಾಗದದ ಮೇಲೆ ಹಾಕಿದರು. ೧೯೩೫ರಲ್ಲಿ ಒಂದೇ ಒಂದು ಕಂಪೆನಿಗೆ ಇಡೀ ದೇಶದ ವಜ್ರದ ಹಕ್ಕನ್ನು ತೊಂಬತ್ತೊಂಬತ್ತು ವರ್ಷಗಳಿಗೆ ಬರೆದುಕೊಟ್ಟರು. ತಾತಂದಿರ ಕಾಲದಿಂದ ಉತ್ತು ಬಿತ್ತಿದ ಗದ್ದೆಯಲ್ಲಿ ಹೊಳೆಯುವ ಕಲ್ಲನ್ನು ಕಂಡು ಎತ್ತಿಕೊಂಡ ಕೋನೋದ ರೈತನು ಅಂದಿನಿಂದ ಕಳ್ಳನಾದನು! ಎರಡನೆಯ ಮಹಾಯುದ್ಧವು ಮುಗಿಯುತ್ತಲೇ ಜನವು ಬೇಸಾಯವನ್ನು ಬಿಟ್ಟು ಹೊಳೆಗಳಿಗೆ ಇಳಿಯಿತು. ನೆರೆಯ ದೇಶಗಳಿಂದಲೂ ಗುಂಪುಗಳು ಬಂದವು. ೧೯೫೬ರ ಹೊತ್ತಿಗೆ ಕೋನೋ ಒಂದರಲ್ಲಿಯೇ ಕಳ್ಳತನದಲ್ಲಿ ವಜ್ರ ತೆಗೆಯುತ್ತಿದ್ದವರು ಸುಮಾರು ೭೫,೦೦೦ ಮಂದಿಯೆಂದು ಅಂದಾಜು. ಸರ್ಕಾರವು ಆ ವರ್ಷ ಹೊರಗಿನವರನ್ನು ಹತ್ತಾರು ಸಾವಿರ ಸಂಖ್ಯೆಯಲ್ಲಿ ಓಡಿಸಿತು. ಕಂಪೆನಿಯ ಹಕ್ಕನ್ನು ಸುಮಾರು ೪೫೦ ಚದರ ಮೈಲಿಗಳಿಗೆ ಇಳಿಸಿ, ಉಳಿದೆಡೆ ದೇಶೀಯರಿಗೆ ರಹದಾರಿಗಳನ್ನು ಕೊಟ್ಟಿತು.

ರಹದಾರಿಯಿಂದ ರೈತನು ಸಾಹುಕಾರನಾಗಲಿಲ್ಲ. ರಹದಾರಿಗೆ ಹಣ ಬೇಕು, ಸಲಿಕೆಗೆ ಹಣ ಬೇಕು, ವಜ್ರ ಸಿಕ್ಕುವ ತನಕ ಹೊಟ್ಟೆಗೆ ಬೇಕು. ಇದನ್ನೆಲ್ಲ ಕೊಡುವ ಒಬ್ಬ ಧಣಿಯಿರುವನು. ಅನೇಕ ವೇಳೆ ಅವನು ಲೆಬನಾನಿನಿಂದ ಬಂದು ನೆಲಸಿದ ವರ್ತಕನಾಗಿರುವನು. ಅಗೆಯುವ ಆಳಿಗೆ ದಿನಕ್ಕೆ ಎರಡು ಬಟ್ಟಲು ಅಕ್ಕಿ, ಕೈಗೆ ಒಂದಿಷ್ಟು ಚಿಲ್ಲರೆ. ವಜ್ರ ಸಿಕ್ಕಿದರೆ ಅದನ್ನು ಆ ಧಣಿಗೇ, ಅವನು ಹೇಳಿದ ಬೆಲೆಗೇ ಕೊಡತಕ್ಕದ್ದು. ಜೀತದ ಲೇವಾದೇವಿಯನ್ನು ಕಂಡ ನಮ್ಮ ಹಳ್ಳಿಗರಿಗೆ ಈ ಏರ್ಪಾಡನ್ನು ವಿವರಿಸಿ ಹೇಳಬೇಕಾದುದೇನೂ ಇಲ್ಲ. ಸೊಂಟದ ತನಕ ನೀರಿನಲ್ಲಿ ನಿಂತು ಗರಸನ್ನು ಜಾಲಿಸುವ ಆ ಯುವಕನು ಬೆಳಗಿನಿಂದ ಬೈಗಿನವರೆಗೆ ನೋಡುತ್ತಿದ್ದುದು ಜರಡಿಯನ್ನಾದರೂ, ಅವನ ಕಣ್ಣು ಇದ್ದುದು ಅದೃಷ್ಟದ ಮೇಲೆ. ೧೯೭೨ರ ಫೆಬ್ರವರಿಯಲ್ಲಿ ಕಂಪೆನಿಯ ಕಾರ್ಖಾನೆಯಲ್ಲಿ ಕಣ್ಣಿಗೆ ಬಿದ್ದ ‘ಸಿಯೆರಾ ಲಿಯೋನಿನ ತಾರೆ’ ಎಂಬ ವಜ್ರವು ೯೬೮.೯ ಕ್ಯಾರಟ್ ತೂಗಿತು. ನಮ್ಮ ಲೆಕ್ಕದಲ್ಲಿ ಹದಿನಾರೂವರೆ ತೊಲ! ಇಂಥ ಸುದ್ದಿಯು ಊರಿನಿಂದ ಊರಿಗೆ ಹೋಗುತ್ತಿರುವಾಗ ನೇಗಿಲು ಹಿಡಿಯುವ ಮನಸ್ಸು ಯಾವ ಹುಡುಗನಿಗೆ ಬಂದೀತು?

೧೯೬೧ರ ಏಪ್ರಿಲ್ ೨೭ರಂದು ದೇಶವು ಸ್ವತಂತ್ರವಾಯಿತು. ಫ್ರೀಟೌನಿನ ಫೂರಾ ಬೇ ಕಾಲೇಜು ೧೮೨೭ರಲ್ಲಿಯೇ ಸ್ಥಾಪಿತವಾಗಿ, ಆ ಭಾಗದ ಆಫ್ರಿಕಕ್ಕೆಲ್ಲ ವಿದ್ಯಾಕೇಂದ್ರವೆನಿಸಿದ್ದಿತು. ರೈಲುದಾರಿ ಇದ್ದಿತು, ನ್ಯಾಯಾಲಯಗಳಿದ್ದುವು, ವಜ್ರದ ಜೊತೆಗೆ ಕಬ್ಬಿಣದ ಅದಿರೂ ಇದ್ದಿತು. ೧೯೬೮ರಲ್ಲಿ ಅಧಿಕಾರಕ್ಕೆ ಬಂದ ಸಿಯಾಕಾ ಸ್ಟೀವನ್ಸ್ ಎಂಬಾತನು ಹದಿನೇಳು ವರ್ಷ ಆಳಿದನು. ೧೯೭೧ರಲ್ಲಿ ಕಂಪೆನಿಯ ನೂರಕ್ಕೆ ಐವತ್ತೊಂದು ಪಾಲನ್ನು ಸರ್ಕಾರವು ತೆಗೆದುಕೊಂಡಿತು. ಇದರಲ್ಲಿ ತಪ್ಪೇನೂ ಇಲ್ಲ. ದೇಶದ ಸೊತ್ತು ದೇಶಕ್ಕೆ ಬಂದುದು ಯೋಗ್ಯವೇ. ಆದರೆ ಸರ್ಕಾರಕ್ಕೆ ಬಂದ ಸೊತ್ತು ಸರ್ಕಾರದ ಬೊಕ್ಕಸಕ್ಕೆ ಬರಲಿಲ್ಲ. ಅಧ್ಯಕ್ಷನ ಮತ್ತು ಅವನ ಆಪ್ತವರ್ತಕರ ಕೈಯಲ್ಲಿಯೇ ಉಳಿಯಿತು. ಅಧಿಕೃತವಾಗಿ ಪರದೇಶಕ್ಕೆ ಹೋಗುತ್ತಿದ್ದ ವಜ್ರವು ೧೯೭೦ರಲ್ಲಿ ಇಪ್ಪತ್ತು ಲಕ್ಷ ಕ್ಯಾರಟ್ಟಿಗೂ ಮಿಗಿಲಾಗಿದ್ದುದು ೧೯೮೦ರಲ್ಲಿ ೫,೯೫,೦೦೦ಕ್ಕೆ ಇಳಿದು, ೧೯೮೮ರಲ್ಲಿ ಕೇವಲ ೪೮,೦೦೦ಕ್ಕೆ ಬಂದು ನಿಂತಿತು. ಮೇಲಿನ ಪದರಗಳಲ್ಲಿ ವಜ್ರವು ಕಡಮೆಯಾಗುತ್ತ ಬಂದುದೂ ಉಂಟು. ಆದರೆ ಇಳಿತದ ಬಹುಪಾಲು ಕಳ್ಳಸಾಗಣೆಯದೇ; ಹೊಳೆಯಲ್ಲಿ ಹುಣಸೇಹಣ್ಣು ತೊಳೆದಂತಾಯಿತು. ೧೯೭೮ರಲ್ಲಿ ಒಂದೇ ಪಕ್ಷವು ಇರತಕ್ಕದ್ದೆಂಬ ಶಾಸನವಾಯಿತು. ರೈಲುದಾರಿಯನ್ನು ಮುಚ್ಚಿ ಕಂಬಿಗಳನ್ನು ಕಿತ್ತರು. ೧೯೮೦ರಲ್ಲಿ ಆಫ್ರಿಕದ ರಾಷ್ಟ್ರನಾಯಕರ ಸಮ್ಮೇಳನವನ್ನು ಫ್ರೀಟೌನಿನಲ್ಲಿ ಅತಿವೈಭವದಿಂದ ನಡೆಯಿಸಿದರು. ಸ್ಟೀವನ್ಸನು ೧೯೮೫ರಲ್ಲಿ ತಾನೇ ಆರಿಸಿದ ಸೇನಾಪತಿ ಜೋಸೆಫ್ ಮೊಮೊಹನಿಗೆ ಪಟ್ಟವನ್ನು ಬಿಟ್ಟುಕೊಟ್ಟಾಗ ಬೊಕ್ಕಸದಲ್ಲಿ ಉಳಿದಿದ್ದುದು ಸಾಲ. ಉಪಾಧ್ಯಾಯರಿಗೆ ತಿಂಗಳುಗಟ್ಟಲೆ ಸಂಬಳವಿಲ್ಲ. ಪಾಠಶಾಲೆಗಳು ಒಂದೊಂದಾಗಿ ಬಾಗಿಲು ಹಾಕಿದುವು.

ಈ ಕಡೆಯ ಮಾತನ್ನು ಓದುಗರು ಲಘುವಾಗಿ ಎಣಿಸಬಾರದೆಂದು ಬೇಡುವೆನು. ಮೂವತ್ತೈದು ವರ್ಷ ಪಾಠ ಹೇಳಿದವನ ಪಕ್ಷಪಾತವೆಂದು ಬೇಕಾದರೆ ತಿಳಿಯಲಿ. ಶಾಲೆಯಿಂದ ಹೊರಬಿದ್ದ, ಬೇಸಾಯವನ್ನು ಕಲಿಯದ, ಕೆಲಸವಿಲ್ಲದ ಹದಿನೈದು ಹದಿನಾರರ ಹುಡುಗರು ಒಂದು ದೇಶದಲ್ಲಿ ಸಾವಿರಗಟ್ಟಲೆ ಸೇರಿದರೆಂದರೆ ಬತ್ತಿಯು ಸಿದ್ಧವಾಯಿತೆಂದೇ ಅರ್ಥ. ಇನ್ನು ಕಿಡಿಯೊಂದು ಬಿದ್ದರಾಯಿತು.

ಕಿಡಿಯು ೧೯೯೧ರ ಮಾರ್ಚ್ ೨೩ರಂದು ಪೂರ್ವದ ಗಡಿಯಲ್ಲಿ ಬಿತ್ತು. ನೆರೆಯ ಲೈಬೀರಿಯದಲ್ಲಿ ಆಗಲೇ ದಂಗೆಯೆಬ್ಬಿಸಿದ್ದ ಚಾರ್ಲ್ಸ್ ಟೇಲರನ ಬೆಂಬಲದಿಂದ ಫೋಡೇ ಸಂಕೋ ಎಂಬುವನು ಸಣ್ಣದೊಂದು ತಂಡದೊಡನೆ ಗಡಿಯನ್ನು ದಾಟಿದನು. ಈತನು ಹಿಂದೆ ಸೈನ್ಯದಲ್ಲಿ ಕಾರ್ಪೊರಲ್ ದರ್ಜೆಯ ಸಿಪಾಯಿಯಾಗಿದ್ದು, ಪಿತೂರಿಯ ಆರೋಪದ ಮೇಲೆ ಸೆರೆವಾಸ ಕಂಡು, ಅನಂತರ ಛಾಯಾಚಿತ್ರ ತೆಗೆದು ಜೀವಿಸುತ್ತಿದ್ದವನು. ಭ್ರಷ್ಟ ಸರ್ಕಾರವನ್ನು ಉರುಳಿಸಿ ಜನರ ಸಂಪತ್ತನ್ನು ಜನರಿಗೆ ಕೊಡುವೆನೆಂದು ಸಾರಿದನು. ಕೆಲವು ಯುವಕರು ಆ ಮಾತನ್ನು ನಂಬಿ ಸೇರಿದರು. ಬಹಳ ಮಂದಿಯನ್ನು, ಹತ್ತು ಹನ್ನೆರಡು ವರ್ಷದ ಮಕ್ಕಳನ್ನೂ ಸಹ, ಹಿಡಿದೊಯ್ದು ಸೇರಿಸಿದರು. ಜನರ ಹೆಸರಿನಲ್ಲಿ ಹೊರಟವನು ಮೊದಲು ಸುಟ್ಟುದು ಜನರ ಹಳ್ಳಿಗಳನ್ನೇ.

ಕೌಟಿಲ್ಯನ ಅರ್ಥಶಾಸ್ತ್ರವನ್ನು ಓದಿದವರಿಗೆ ಅದರಲ್ಲಿ ಆಕರಾಧ್ಯಕ್ಷನೆಂಬ ಗಣಿಯ ಅಧಿಕಾರಿಯ ಕರ್ತವ್ಯಗಳಿಗಾಗಿ ಮೀಸಲಾದ ಪ್ರಕರಣವಿರುವುದು ತಿಳಿದೇ ಇದೆ. ಬೊಕ್ಕಸದ ಮೂಲ ಗಣಿ, ದಂಡಿನ ಮೂಲ ಬೊಕ್ಕಸ ಎಂಬುದು ಆತನ ಅಭಿಪ್ರಾಯ. ಈ ಸೂತ್ರವನ್ನು ಆತನು ರಾಜನಿಗಾಗಿ ರಚಿಸಿದನು. ಆದರೆ ಗಣಿಯು ರಾಜನ ಕೈತಪ್ಪಿ ದಂಗೆಕೋರನ ಕೈಗೆ ಸಿಕ್ಕರೆ? ಸೂತ್ರವು ಅವನಿಗೂ ಅಷ್ಟೇ ನಿಷ್ಠೆಯಿಂದ ಕೆಲಸ ಮಾಡುವುದು. ವಜ್ರದಿಂದ ಹಣ, ಹಣದಿಂದ ಬಂದೂಕು, ಬಂದೂಕಿನಿಂದ ಮತ್ತಷ್ಟು ಹೊಳೆಗಳು, ಹೊಳೆಗಳಿಂದ ಮತ್ತಷ್ಟು ವಜ್ರ. ದವಸಧಾನ್ಯವನ್ನೋ ಮರವನ್ನೋ ಕದ್ದರೆ ಗಾಡಿ ಬೇಕು, ದಾರಿ ಬೇಕು. ವಜ್ರಕ್ಕೆ ಅಂಗಿಯ ಜೇಬು ಸಾಕು. ಪರದೇಶದ ರಾಜನ ಸಹಾಯವಿಲ್ಲದಿದ್ದರೂ, ಹಳ್ಳಿಗರ ಪ್ರೀತಿಯಿಲ್ಲದಿದ್ದರೂ ಅಂಥ ದಂಗೆಯು ವರ್ಷಾನುಗಟ್ಟಲೆ ಬದುಕಬಲ್ಲುದು. ಜನರ ಅನ್ನವನ್ನು ನಂಬಿದ ದಂಗೆಗಾರನು ಜನರಿಗೆ ಅಂಜಬೇಕಾಗುವುದು. ಜರಡಿಯನ್ನು ನಂಬಿದವನಿಗೆ ಆ ಅಂಜಿಕೆಯೂ ಇಲ್ಲ. ಜನರ ತೆರಿಗೆಯಿಲ್ಲದೆ ವಜ್ರದಿಂದಲೇ ಆಳಿದ ಸ್ಟೀವನ್ಸನಿಗೂ ಜನರ ಬೆಂಬಲವಿಲ್ಲದೆ ವಜ್ರದಿಂದಲೇ ಹೋರಾಡಿದ ಸಂಕೋವಿಗೂ ಈ ಒಂದು ವಿಷಯದಲ್ಲಿ ಭೇದವೇ ಇಲ್ಲವೆಂದು ನನಗೆ ತೋರುವುದು.

ಸರ್ಕಾರದ ಸೈನಿಕರ ಪಾಡು ಇದಕ್ಕಿಂತ ಮೇಲಾಗಿರಲಿಲ್ಲ. ಸರಿಯಾದ ಸಂಬಳವಿಲ್ಲದ ಅವರಲ್ಲಿ ಅನೇಕರು ಹಗಲು ಸಿಪಾಯಿಗಳಾಗಿದ್ದು ರಾತ್ರಿ ದಂಗೆಕೋರರಾದರು. ಇಂಥವರಿಗೆ ಜನರು ಸಿಪಾಯಿ ಮತ್ತು ದಂಗೆಕೋರ ಎಂಬ ಎರಡು ಇಂಗ್ಲಿಷ್ ಶಬ್ದಗಳನ್ನು ಕೂಡಿಸಿ ‘ಸೋಬೆಲ್’ ಎಂಬ ಹೊಸ ಹೆಸರನ್ನೇ ಇಟ್ಟರು. ಬೇಲಿಯೇ ಎದ್ದು ಹೊಲ ಮೇದಿತು. ೧೯೯೨ರಲ್ಲಿ ಇಪ್ಪತ್ತೈದು ವರ್ಷದ ಕ್ಯಾಪ್ಟನ್ ಸ್ಟ್ರಾಸರ್ ಎಂಬವನು ಸರ್ಕಾರವನ್ನು ಕಿತ್ತು ತಾನೇ ಗದ್ದುಗೆಯೇರಿದನು. ೧೯೯೫ರಲ್ಲಿ ಆತನು ದಕ್ಷಿಣ ಆಫ್ರಿಕದ ಬಾಡಿಗೆ ಸೈನಿಕರ ಕಂಪೆನಿಯೊಂದನ್ನು ಕರೆಯಿಸಿ ಕೋನೋ ಸೀಮೆಯನ್ನು ಹಿಂದಕ್ಕೆ ಪಡೆದನು. ಆ ಕಂಪೆನಿಯ ಬಂಧುಸಂಸ್ಥೆಯೊಂದಕ್ಕೆ ಕೋನೋದ ವಜ್ರದ ಗುತ್ತಿಗೆ ಸಿಕ್ಕಿತು. ಹೀಗೆ ಆಳುವವನ ಕತ್ತಿಗೂ ವಜ್ರ, ಎದುರಾಳಿಯ ಕತ್ತಿಗೂ ವಜ್ರ. ೧೯೯೬ರ ಚುನಾವಣೆಯ ಕಾಲದಲ್ಲಿ ದಂಗೆಕೋರರು ಮತ ಹಾಕುವ ಕೈಗಳನ್ನೇ ಕತ್ತರಿಸಲಾರಂಭಿಸಿದರು. ಗೃಹಿಣಿಯರೂ ಮಕ್ಕಳೂ ಓದುವ ಈ ಪತ್ರಿಕೆಯಲ್ಲಿ ಆ ಕ್ರೌರ್ಯವನ್ನು ವಿಸ್ತರಿಸಲು ಲೇಖನಿಯು ಏಳದು. ಎರಡು ಕೈಗಳನ್ನೂ ಕಳೆದುಕೊಂಡ ರೈತನು ಮತ್ತೆ ಗುದ್ದಲಿ ಹಿಡಿಯಲಾರನು, ತಾಯಿಯು ಮಗುವಿಗೆ ತುತ್ತಿಡಲಾರಳು ಎಂದಷ್ಟೇ ಹೇಳಿದರೆ ಸಾಕು. ಹನ್ನೊಂದು ವರ್ಷಗಳಲ್ಲಿ ಸತ್ತವರು ಸುಮಾರು ೫೦,೦೦೦ ಮಂದಿಯೆಂದು ಸಾಮಾನ್ಯ ಅಂದಾಜು. ಮನೆಮಠ ಬಿಟ್ಟವರು ದೇಶದ ಅರ್ಧದಷ್ಟು.

ಈ ವಜ್ರಗಳು ಹೋದುದೆಲ್ಲಿಗೆ? ಹೆಚ್ಚಿನವು ಗಡಿಯಾಚೆಯ ಲೈಬೀರಿಯಕ್ಕೆ ಹೋಗಿ, ಅಲ್ಲಿಂದ ಬೆಲ್ಜಿಯಂ ದೇಶದ ಆಂಟ್ವರ್ಪ್ ಪಟ್ಟಣದ ವಜ್ರಪೇಟೆಗೆ ಸೇರುತ್ತಿದ್ದುವು. ಲೈಬೀರಿಯದ ಸ್ವಂತ ಉತ್ಪತ್ತಿಯು ವರ್ಷಕ್ಕೆ ಹೆಚ್ಚೆಂದರೆ ಒಂದೂವರೆ ಲಕ್ಷ ಕ್ಯಾರಟ್. ಆದರೆ ೧೯೯೪ರಿಂದ ೧೯೯೮ರ ವರೆಗೆ ಬೆಲ್ಜಿಯಂ ದೇಶದ ದಫ್ತರದಲ್ಲಿ ಲೈಬೀರಿಯದಿಂದ ಬಂದುದೆಂದು ಬರೆದಿರುವ ವಜ್ರವು ಮೂರು ಕೋಟಿ ಹತ್ತು ಲಕ್ಷ ಕ್ಯಾರಟ್! ಅಷ್ಟೆಲ್ಲವೂ ಸಿಯೆರಾ ಲಿಯೋನಿನದೇ ಆಗಿರಲಿಕ್ಕಿಲ್ಲ. ಬೇರೆ ಬೇರೆ ದೇಶಗಳ ಕಳ್ಳಮಾಲಿಗೂ ಲೈಬೀರಿಯದ ಹೆಸರೇ ಮುಸುಕಾಗಿದ್ದಿತು. ಹಾಲು ಕರೆಯುವ ಹಸು ಒಂದೇ, ಮಾರುವ ಹಾಲು ಇನ್ನೂರು ಸೇರು ಎಂದರೆ ನಮ್ಮ ಮನೆಯ ಹೆಂಗಸರು ಹಾಲಿನವನನ್ನು ಅಂಗಳದಲ್ಲಿಯೇ ನಿಲ್ಲಿಸಿ ಕೇಳುತ್ತಿದ್ದರು. ಯೂರೋಪಿನ ವಿದ್ಯಾವಂತ ಅಧಿಕಾರಿಗಳು ಐದು ವರ್ಷ ಕೇಳಲಿಲ್ಲ. ೨೦೦೦ದ ಜನವರಿಯಲ್ಲಿ ಕೆನಡಾ ದೇಶದ ಒಂದು ಸೇವಾಸಂಸ್ಥೆಯು ಈ ಅಂಕಿಗಳನ್ನು ಅಚ್ಚು ಹಾಕಿಸಿದ ಮೇಲೆಯೇ ಲೋಕದ ಕಣ್ಣು ತೆರೆದುದು.

ಅಷ್ಟರಲ್ಲಿ ಶಾಂತಿಯ ಹೆಸರಿನಲ್ಲಿ ಒಂದು ವಿಚಿತ್ರವು ನಡೆದಿದ್ದಿತು. ೧೯೯೯ರ ಜನವರಿಯಲ್ಲಿ ದಂಗೆಕೋರರು ಫ್ರೀಟೌನಿಗೇ ನುಗ್ಗಿ ಸಾವಿರಾರು ಮಂದಿಯನ್ನು ಕೊಂದ ಬಳಿಕ, ಜುಲೈ ೭ರಂದು ಟೋಗೋ ದೇಶದ ಲೋಮೇ ಪಟ್ಟಣದಲ್ಲಿ ಒಪ್ಪಂದವಾಯಿತು. ಅದರ ಮೇರೆಗೆ ಫೋಡೇ ಸಂಕೋವಿಗೆ ಕ್ಷಮಾದಾನವಾಯಿತು. ಉಪಾಧ್ಯಕ್ಷನಿಗೆ ಸಮನಾದ ಸ್ಥಾನವೂ ದೊರೆಯಿತು. ಅದಕ್ಕಿಂತ ಮಿಗಿಲಾಗಿ, ದೇಶದ ಖನಿಜಸಂಪತ್ತನ್ನು ನೋಡಿಕೊಳ್ಳತಕ್ಕ ಮಂಡಲಿಯ ಅಧ್ಯಕ್ಷತೆಯನ್ನೂ ಆತನಿಗೇ ಕೊಟ್ಟರು. ಕಳ್ಳನ ಕೈಗೆ ಬೀಗದಕೈ ಕೊಡುವುದೆಂದು ನಾವು ಮಾತಿಗೆ ಹೇಳುತ್ತೇವೆ. ಇಲ್ಲಿ ಅದನ್ನು ಕರಾರಿನ ಕಾಗದದಲ್ಲಿ ಬರೆದು ಸಾಕ್ಷಿ ಹಾಕಿಸಿದರು. ಬೇರೆ ದಾರಿಯಿರಲಿಲ್ಲವೆಂದು ಅದನ್ನು ಮಾಡಿಸಿದವರು ವಾದಿಸುವರು. ರಾಜಧಾನಿಯು ಉರಿಯುತ್ತಿದ್ದುದನ್ನು ಕಂಡವರ ಮಾತನ್ನು ಸುಲಭವಾಗಿ ತಳ್ಳಿಹಾಕುವಂತೆಯೂ ಇಲ್ಲ. ಆದರೆ ಫಲವು ಹತ್ತೇ ತಿಂಗಳಲ್ಲಿ ಕಂಡಿತು. ೨೦೦೦ದ ಮೇ ತಿಂಗಳಲ್ಲಿ ಶಾಂತಿಪಾಲನೆಗೆ ಬಂದಿದ್ದ ವಿಶ್ವಸಂಸ್ಥೆಯ ಐನೂರರಷ್ಟು ಸೈನಿಕರನ್ನು ದಂಗೆಕೋರರು ಒತ್ತೆಯಾಗಿ ಹಿಡಿದರು.

ಇಲ್ಲಿ ಭಾರತದ ಹೆಸರು ಈ ಕಥೆಯೊಳಗೆ ಬರುವುದು. ಆ ಶಾಂತಿಸೇನೆಯ ಮೊದಲ ದಳಪತಿಯು ನಮ್ಮ ಮೇಜರ್ ಜನರಲ್ ವಿಜಯಕುಮಾರ್ ಜೇಟ್ಲಿಯವರು. ಪೂರ್ವದ ಕೈಲಾಹುನ್ ಎಂಬಲ್ಲಿ ನಮ್ಮ ಗೂರ್ಖಾ ಪಡೆಯ ಇನ್ನೂರಕ್ಕೂ ಹೆಚ್ಚು ಸೈನಿಕರನ್ನು ದಂಗೆಕೋರರು ಸುತ್ತುಗಟ್ಟಿ, ಆಯುಧಗಳನ್ನೊಪ್ಪಿಸಿದರೆ ಬಿಡುವುದಾಗಿ ಹೇಳಿದರು. ಆಯುಧಗಳನ್ನು ಅವರು ಒಪ್ಪಿಸಲಿಲ್ಲ. ಎಪ್ಪತ್ತಕ್ಕೂ ಹೆಚ್ಚು ದಿನ ಹಾಗೆಯೇ ಇದ್ದು, ಜುಲೈ ನಡುವಿನಲ್ಲಿ ‘ಖುಕ್ರಿ’ ಎಂಬ ಹೆಸರಿನ ಕಾರ್ಯಾಚರಣೆಯಿಂದ ಮಳೆಯ ನಡುವೆ ಹೊರಬಂದರು. ಸಂಕೋ ಮೇ ತಿಂಗಳಲ್ಲಿಯೇ ಸೆರೆಸಿಕ್ಕಿದ್ದನು. ಬ್ರಿಟಿಷ್ ಸೈನ್ಯವೂ ಬಂದಿಳಿದಿದ್ದಿತು. ೨೦೦೨ರ ಜನವರಿಯಲ್ಲಿ ಯುದ್ಧವು ಮುಗಿಯಿತೆಂದು ಸಾರಲಾಯಿತು. ಸಂಕೋ ೨೦೦೩ರಲ್ಲಿ ವಿಚಾರಣೆ ಮುಗಿಯುವ ಮೊದಲೇ ಸೆರೆಯಲ್ಲಿ ಸತ್ತನು. ಲೈಬೀರಿಯದ ಅಧ್ಯಕ್ಷನೇ ಆಗಿಹೋಗಿದ್ದ ಟೇಲರನಿಗೆ ೨೦೧೨ರಲ್ಲಿ ಐವತ್ತು ವರ್ಷದ ಕಾರಾಗೃಹವಾಸವು ವಿಧಿಸಲ್ಪಟ್ಟಿತು.

ಇಷ್ಟನ್ನು ಓದಿದವರು, ವಜ್ರವಿಲ್ಲದಿದ್ದರೆ ಆ ದೇಶವು ಸುಖವಾಗಿರುತ್ತಿದ್ದಿತೆಂದು ಹೇಳಿಯಾರು. ಪಂಡಿತರಲ್ಲಿಯೂ ಹಾಗೆ ಹೇಳಿದವರುಂಟು. ‘ಸಂಪತ್ತಿನ ಶಾಪ’ವೆಂಬ ಮಾತನ್ನು ರಿಚರ್ಡ್ ಆಟಿ ಎಂಬ ವಿದ್ವಾಂಸನು ೧೯೯೩ರಲ್ಲಿ ಬಳಕೆಗೆ ತಂದನು. ಆಕ್ಸ್‌ಫರ್ಡಿನ ಪಾಲ್ ಕೋಲಿಯರ್ ಮತ್ತು ಆಂಕೆ ಹೋಫ್ಲರ್ ಎಂಬವರು ಅನೇಕ ದೇಶಗಳ ಅಂಕಿಗಳನ್ನು ಕೂಡಿಸಿ, ಅಂತರ್ಯುದ್ಧಗಳಿಗೆ ಅನ್ಯಾಯದ ಸಂಕಟಕ್ಕಿಂತ ಲೂಟಿಯ ಅವಕಾಶವೇ ಹೆಚ್ಚಿನ ಕಾರಣವೆಂದು ವಾದಿಸಿದರು. ಅಂಗೋಲದಲ್ಲಿ ಸರ್ಕಾರವು ಎಣ್ಣೆಯಿಂದಲೂ ಎದುರಾಳಿಯಾದ ಸವಿಂಬಿಯು ವಜ್ರದಿಂದಲೂ ೨೦೦೨ರವರೆಗೆ ಕಾದಾಡಿದುದು ಈ ವಾದಕ್ಕೆ ಬೆಂಬಲ. ಆದರೆ ಸಿಯೆರಾ ಲಿಯೋನಿನವರೇ ಯುದ್ಧಾನಂತರ ರಚಿಸಿಕೊಂಡ ಸತ್ಯಶೋಧನೆಯ ಮಂಡಲಿಯು, ಸಾವಿರಾರು ಸಂತ್ರಸ್ತರ ಹೇಳಿಕೆಗಳನ್ನು ಬರೆದುಕೊಂಡು ೨೦೦೪ರಲ್ಲಿ ಕೊಟ್ಟ ತೀರ್ಮಾನವು ಬೇರೆ. ಯುದ್ಧದ ಮೂಲಕಾರಣವು ವಜ್ರವಲ್ಲ. ಸ್ವಾತಂತ್ರ್ಯ ಬಂದಂದಿನಿಂದ ನಡೆದ ದುರಾಡಳಿತ, ಲಂಚ, ಯುವಕರ ಉಪೇಕ್ಷೆ ಇವೇ ಕಾರಣ. ವಜ್ರವು ಹೊತ್ತಿದ ಬೆಂಕಿಗೆ ಎರೆದ ತುಪ್ಪವೆಂಬುದು ಆ ತೀರ್ಮಾನದ ಸಾರ. ಅಂಕಿಗಳಿಗಿಂತ ಅನುಭವಿಸಿದವರ ಮಾತಿಗೆ ನಾನು ಹೆಚ್ಚು ಬೆಲೆ ಕೊಡುವವನು. ಅದೇ ಕರಾವಳಿಯ ಘಾನಾ ದೇಶದ ಹೊಳೆಗಳಲ್ಲಿಯೂ ಜರಡಿಯಿಂದ ವಜ್ರವನ್ನು ಆಯುವರು. ಅಲ್ಲಿ ಇಂಥ ಯುದ್ಧವು ನಡೆಯಲಿಲ್ಲ.

ಘಾನಾಕ್ಕಿಂತ ದೊಡ್ಡ ಸಾಕ್ಷಿಯೆಂದರೆ ದಕ್ಷಿಣದ ಬೋಟ್ಸ್ವಾನಾ. ೧೯೬೬ರಲ್ಲಿ ಸ್ವತಂತ್ರವಾದಾಗ ಆ ಮರುಭೂಮಿಯ ದೇಶದಲ್ಲಿ ಡಾಂಬರು ಹಾಕಿದ ರಸ್ತೆಯು ಕೇವಲ ಹನ್ನೆರಡು ಕಿಲೋಮೀಟರು. ಪದವೀಧರರು ಇಪ್ಪತ್ತೆರಡು ಮಂದಿ. ಮರುವರ್ಷವೇ ಒರಾಪಾ ಎಂಬಲ್ಲಿ ವಜ್ರದ ಮಹಾನಿಧಿಯು ಕಂಡುಬಂದಿತು. ಮೊದಲ ಅಧ್ಯಕ್ಷರಾದ ಸೆರೆಟ್ಸೆ ಖಾಮಾ ಅವರು ಬಾಂಗ್ವಾಟೋ ಕುಲದ ವಂಶಪಾರಂಪರ್ಯದ ಒಡೆಯರು. ಮುಖ್ಯ ನಿಧಿಯು ತಮ್ಮ ಕುಲದ ನೆಲದಲ್ಲಿಯೇ ಇದ್ದರೂ, ಭೂಗರ್ಭದ ಹಕ್ಕು ಯಾವ ಕುಲಕ್ಕೂ ಸೇರದೆ ಇಡೀ ದೇಶಕ್ಕೆ ಸೇರತಕ್ಕದ್ದೆಂದು ೧೯೬೭ರಲ್ಲಿ ಶಾಸನವಾಗುವಂತೆ ನೋಡಿಕೊಂಡರು. ಸತ್ರಾಜಿತನು ಒಲ್ಲೆನೆಂದುದಕ್ಕೆ ಈ ಮಹನೀಯರು ಒಪ್ಪಿದರು. ಕಂಪೆನಿಯೊಡನೆ ಮೊದಲು ಸರ್ಕಾರಕ್ಕಿದ್ದ ನೂರಕ್ಕೆ ಹದಿನೈದರ ಪಾಲು ೧೯೭೫ರಲ್ಲಿ ಸರಿಪಾಲಿಗೆ ಏರಿತು. ಬಂದ ಹಣವು ರಸ್ತೆ, ಪಾಠಶಾಲೆ, ಆಸ್ಪತ್ರೆಗಳಿಗೆ ಹೋಯಿತು; ಮಿಕ್ಕುದನ್ನು ಮುಂದಿನವರಿಗಾಗಿ ಒಂದು ನಿಧಿಯಲ್ಲಿ ಕೂಡಿಟ್ಟರು. ಊರ ಒಡೆಯನು ಜನರ ಎದುರಿನಲ್ಲಿ ಕುಳಿತು ಅವರ ಟೀಕೆಯನ್ನು ಕೇಳಬೇಕೆಂಬ ‘ಕ್ಗೋಟ್ಲಾ’ ಎಂಬ ಸಭೆಯ ಪದ್ಧತಿಯು ಅಲ್ಲಿ ಪ್ರಾಚೀನವಾದುದು. ನಮ್ಮ ಅರಳಿಕಟ್ಟೆಯ ಪಂಚಾಯಿತಿಯಂತೆ. ಅಲ್ಲಿಯ ವಜ್ರವು ಕಲ್ಲಿನ ಕಂಬದಲ್ಲಿದ್ದು, ಬೇಲಿ ಹಾಕಲು ಸುಲಭವಾಗಿದ್ದುದು ಅವರ ಭಾಗ್ಯವೆಂಬುದನ್ನೂ ಮರೆಯತಕ್ಕದ್ದಲ್ಲ. ದೋಷವೇ ಇಲ್ಲವೆಂದೂ ಅಲ್ಲ. ಕಲಹಾರಿಯ ಸಾನ್ ಎಂಬ ಆದಿವಾಸಿಗಳನ್ನು ಅವರ ನೆಲೆಯಿಂದ ಎಬ್ಬಿಸಿದುದು ಅನ್ಯಾಯವೆಂದು ಅಲ್ಲಿಯ ನ್ಯಾಯಾಲಯವೇ ೨೦೦೬ರಲ್ಲಿ ತೀರ್ಪು ಕೊಟ್ಟಿತು. ಈಚೆಗೆ ಪ್ರಯೋಗಶಾಲೆಗಳಲ್ಲಿ ಬೆಳೆಯಿಸಿದ ವಜ್ರಗಳು ಪೇಟೆಗೆ ಬಂದು, ನೆಲದ ವಜ್ರದ ಬೆಲೆಯು ಬಿದ್ದು, ದೇಶಕ್ಕೆ ಕಷ್ಟಕಾಲ ಬಂದಿದೆ. ೨೦೨೪ರ ಚುನಾವಣೆಯಲ್ಲಿ ಐವತ್ತೆಂಟು ವರ್ಷ ಆಳಿದ ಪಕ್ಷವು ಸೋತಿತು. ಸೋತವರು ಸೋಲನ್ನೊಪ್ಪಿ ಗೆದ್ದವರಿಗೆ ಅಧಿಕಾರವನ್ನು ಒಪ್ಪಿಸಿ ಮನೆಗೆ ಹೋದರು. ಒಂದು ಗುಂಡೂ ಹಾರಲಿಲ್ಲ.

ಇತ್ತ ಜಗತ್ತು ವಜ್ರಕ್ಕೆ ಜಾತಕ ಬರೆಯುವ ಪದ್ಧತಿಯನ್ನು ಹೂಡಿತು. ದಕ್ಷಿಣ ಆಫ್ರಿಕದ ಕಿಂಬರ್ಲಿ ಪಟ್ಟಣದಲ್ಲಿ ೨೦೦೦ದಲ್ಲಿ ಮೊದಲುಗೊಂಡ ಸಮಾಲೋಚನೆಯ ಫಲವಾಗಿ, ೨೦೦೩ರ ಜನವರಿ ೧ರಿಂದ ಸಾಣೆ ಹಿಡಿಯದ ವಜ್ರವು ಗಡಿ ದಾಟಬೇಕಾದರೆ ಅದರ ಮೂಲವನ್ನು ತಿಳಿಸುವ ಸರ್ಕಾರಿ ಪತ್ರವು ಜೊತೆಯಲ್ಲಿರಬೇಕಾಯಿತು. ಜಗತ್ತಿನ ಹತ್ತು ವಜ್ರಗಳಲ್ಲಿ ಒಂಬತ್ತು ಸಾಣೆಗೆ ಬರುವುದು ನಮ್ಮ ಗುಜರಾತಿನ ಸೂರತ್ತಿನ ಸುತ್ತಮುತ್ತಲಿಗೇ. ಆದಕಾರಣ ಈ ಪತ್ರದ ವಿಚಾರವು ನಮಗೆ ಪರದೇಶದ ಸುದ್ದಿಯಲ್ಲ, ಮದುವೆಗೆ ಮೂಗುಬೊಟ್ಟು ಕೊಳ್ಳುವ ಮನೆಯವರ ವಿಚಾರ. ಈ ಪದ್ಧತಿಯಿಂದ ಸಿಯೆರಾ ಲಿಯೋನಿನ ಅಧಿಕೃತ ವ್ಯಾಪಾರವು ಕೂಡಲೇ ಚೇತರಿಸಿಕೊಂಡುದು ನಿಜ. ಆದರೆ ಅದರ ವ್ಯಾಖ್ಯೆಯಲ್ಲಿ ಒಂದು ಕೊರತೆಯಿದೆ. ದಂಗೆಕೋರರು ಮಾರಿದ ವಜ್ರವನ್ನು ಮಾತ್ರ ಅದು ರಕ್ತದ ವಜ್ರವೆಂದು ಎಣಿಸುವುದು. ೨೦೦೮ರಲ್ಲಿ ಜಿಂಬಾಬ್ವೆಯ ಮರಾಂಗೆ ಎಂಬಲ್ಲಿ ಸರ್ಕಾರದ ಸೈನ್ಯವೇ ವಜ್ರ ಆಯುವ ಬಡವರ ಮೇಲೆ ಗುಂಡು ಹಾರಿಸಿದಾಗ, ಆ ವ್ಯಾಖ್ಯೆಯ ಪ್ರಕಾರ ಅದಕ್ಕೆ ಹೆಸರೇ ಇರಲಿಲ್ಲ. ನೈಯಾಯಿಕರು ಇದನ್ನು ಅವ್ಯಾಪ್ತಿದೋಷವೆನ್ನುವರು.

ಸಿಯೆರಾ ಲಿಯೋನಿನ ಸರ್ಕಾರವು ೨೦೦೧ರಲ್ಲಿ ಒಂದು ಸಣ್ಣ ಕೆಲಸವನ್ನು ಮಾಡಿತು. ನನ್ನ ದೃಷ್ಟಿಯಲ್ಲಿ ಅದು ಕಿಂಬರ್ಲಿಯ ಪತ್ರಕ್ಕಿಂತ ಕಡಮೆಯದಲ್ಲ. ವಜ್ರದ ಮೇಲಿನ ನೂರಕ್ಕೆ ಮೂರರ ಸುಂಕದಲ್ಲಿ ಕಾಲುಭಾಗವನ್ನು ವಜ್ರ ಸಿಕ್ಕಿದ ಊರುಗಳಿಗೇ ಹಿಂದಕ್ಕೆ ಕೊಡುವ ಏರ್ಪಾಡು ಅದು. ಕೊಡುವುದು ತಡವಾದುದೂ, ಕೊಟ್ಟುದು ಊರಗೌಡರ ಮನೆಯಲ್ಲಿ ನಿಂತುದೂ ಉಂಟು. ಆದರೆ ಹಕ್ಕಿನಿಂದ ಕೇಳಬಹುದಾದ ಒಂದು ಲೆಕ್ಕವು ಕೋನೋದ ರೈತನಿಗೆ ಮೊದಲ ಬಾರಿಗೆ ದೊರೆಯಿತು. ೨೦೧೭ರ ಮಾರ್ಚಿಯಲ್ಲಿ ಅದೇ ಸೀಮೆಯಲ್ಲಿ ಇಮ್ಯಾನ್ಯುಯಲ್ ಮೊಮೊಹ್ ಎಂಬ ಪಾದ್ರಿಯು ಇಟ್ಟಿದ್ದ ಅಗೆತದ ಆಳುಗಳಿಗೆ ೭೦೯ ಕ್ಯಾರಟ್ಟಿನ, ಎಂದರೆ ಹನ್ನೆರಡು ತೊಲೆಯ, ವಜ್ರವೊಂದು ಸಿಕ್ಕಿತು. ಕಳ್ಳವರ್ತಕರಿಗೆ ಮಾರದೆ ಆತನು ಅದನ್ನು ಸರ್ಕಾರಕ್ಕೆ ಒಪ್ಪಿ&#8203;ಸಿದನು. ಆ ವರ್ಷದ ಡಿಸೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಬಹಿರಂಗ ಹರಾಜಿನಲ್ಲಿ ಅದು ೬೫ ಲಕ್ಷ ಡಾಲರಿಗೆ ಹೋಯಿತು. ಅರ್ಧಕ್ಕಿಂತ ಹೆಚ್ಚು ಪಾಲನ್ನು ನೀರು, ದಾರಿ, ಶಾಲೆ, ಆಸ್ಪತ್ರೆಗಳಿಗೆ ವೆಚ್ಚ ಮಾಡುವುದಾಗಿ ಪ್ರಕಟಿಸಲಾಯಿತು. ಮರುವರ್ಷ ಆ ದೇಶದ ಸರ್ಕಾರವು ತನ್ನ ಶಾಲೆಗಳಲ್ಲಿ ಮಕ್ಕಳ ಶುಲ್ಕವನ್ನು ತೆಗೆದುಹಾಕಿತು. ಕೋನೋದ ಹೊಳೆಗಳಲ್ಲಿ ಈಗಲೂ ಯುವಕರು ಸೊಂಟಮಟ್ಟದ ನೀರಿನಲ್ಲಿ ನಿಂತು ಗರಸನ್ನು ಜಾಲಿಸುತ್ತಿರುವರು. ಅವರ ತಮ್ಮಂದಿರು ತಂಗಿಯರು ದಂಡೆಯ ಮೇಲಿನ ದಾರಿಯಲ್ಲಿ ಚೀಲಗಳನ್ನು ಹೊತ್ತು ಶಾಲೆಗೆ ಹೋಗುತ್ತಿರುವರು.